ಗಜ, ಚಿಂದಿ, ಬಿಸಿನೀರು: ಕೋವಿ ಒರೆಸಿದವರ ಇತಿಹಾಸ

ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ಲಿನ ಬಟ್ಟಿನ, ಅಂದರೆ ಹೆಗಲಿಗೊತ್ತುವ ಮರದ ತುದಿಗೆ ಹಿತ್ತಾಳೆಯ ತಗಡೊಂದನ್ನು ಹೊಡೆದಿರುತ್ತಾರೆ. ಅದರಲ್ಲಿರುವ ಪುಟ್ಟ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದರೆ ಮರದೊಳಗೆ ಕೊರೆದ ಪೊಳ್ಳು ಕಾಣುತ್ತದೆ. ಅದರಲ್ಲಿ ಇರುತ್ತಿದ್ದುದು ಎರಡೇ ವಸ್ತು: ಬೆರಳುದ್ದದ ಎಣ್ಣೆ ಬಾಟಲಿ, ಮತ್ತು ಒಂದು ತುದಿಗೆ ಹಿತ್ತಾಳೆಯ ತೂಕ ಕಟ್ಟಿ ಅಚ್ಚುಕಟ್ಟಾಗಿ ಸುತ್ತಿಟ್ಟ ಹುರಿ. ಮೆಸೊಪೊಟೇಮಿಯಾದ ಧೂಳಿನಲ್ಲಿ, ಫ್ಲಾಂಡರ್ಸಿನ ಕೆಸರಿನಲ್ಲಿ, ಬರ್ಮಾದ ಮಳೆಯಲ್ಲಿ ಹೋರಾಡಿದ ಸಿಪಾಯಿಗಳು ಈ ಎರಡು ವಸ್ತುಗಳನ್ನು ನಂಬಿಕೊಂಡೇ ತಮ್ಮ ರೈಫಲ್ಲುಗಳನ್ನು ಉಳಿಸಿಕೊಂಡರು.

ನೋಡಲು ಇಷ್ಟು ಸರಳವಾದ ಈ ಸಲಕರಣೆಯ ಹಿಂದೆ ದೊಡ್ಡ ಕಥೆಯಿದೆ. ಅದು ರಸಾಯನಶಾಸ್ತ್ರದ ಕಥೆ, ಲೋಹಗಳ ಕಥೆ, ಎಲ್ಲಕ್ಕಿಂತ ಹೆಚ್ಚಾಗಿ ತಪ್ಪು ಆಯ್ಕೆಗಳ ಕಥೆ. ಶುಚಿ ಮಾಡುವ ಸಾಧನ ಕೆಟ್ಟದಾಗಿದ್ದರೆ ಕೋವಿಯು ಗುಂಡು ಹಾರಿಸಿ ಸವೆಯುವ ಮೊದಲೇ ಒರೆಸಿ ಒರೆಸಿ ಸವೆಯುತ್ತದೆ. ಈ ಸತ್ಯವನ್ನು ಜಗತ್ತಿನ ಸೇನೆಗಳು ಬೆಲೆ ತೆತ್ತೇ ಕಲಿತವು.

ಎಲ್ಲಕ್ಕೂ ಮೂಲ ಕರಿಮದ್ದು. ನೂರು ಪಾಲು ಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಕಿಡಿ ತಗುಲಿದಾಗ ಇದರ ಅರ್ಧಕ್ಕೂ ಕಡಿಮೆ ಭಾಗ ಮಾತ್ರ ಅನಿಲವಾಗಿ ಗುಂಡನ್ನು ತಳ್ಳುತ್ತದೆ. ಉಳಿದದ್ದು ಬಿಳಿಹೊಗೆಯಾಗಿ ಹಾರುತ್ತದೆ, ಇಲ್ಲವೇ ನಳಿಗೆಯೊಳಗೆ ಮಸಿಯಾಗಿ ಕೂರುತ್ತದೆ. ಆ ಮಸಿಯಲ್ಲಿ ಪೊಟ್ಯಾಸಿಯಮ್ಮಿನ ಲವಣಗಳು ತುಂಬಿರುತ್ತವೆ. ಅವು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೀರಿದ ತೇವ ಕಬ್ಬಿಣವನ್ನು ತಿನ್ನುತ್ತದೆ. ಸಂಜೆ ಈಡು ಹೊಡೆದು ಹಾಗೇ ಗೋಡೆಗೆ ಒರಗಿಸಿಟ್ಟ ಕೋವಿಯಲ್ಲಿ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ.

ಲವಣ ಕರಗುವುದು ನೀರಿನಲ್ಲಿ. ಹಾಗಾಗಿ ಕರಿಮದ್ದಿನ ಕಾಲದ ಅತ್ಯುತ್ತಮ ಶುಚಿಕಾರಕ ಕುದಿಯುವ ನೀರೇ ಆಗಿತ್ತು. ಕೇಪಿನ ಕೋವಿಯ ನಳಿಗೆಯನ್ನು ಮರದಿಂದ ಬಿಡಿಸಿ, ಬುಡವನ್ನು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ, ಬಟ್ಟೆ ಸುತ್ತಿದ ಗಜವನ್ನು ಮೇಲಿನಿಂದ ಇಳಿಸಿ ಎಳೆಯುತ್ತಿದ್ದರು. ಗಜ ಮೇಲೇರಿದಾಗ ಬುಡದ ಕಿಂಡಿಯಿಂದ ನೀರು ಒಳಗೆ ನುಗ್ಗುತ್ತಿತ್ತು, ಕೆಳಗಿಳಿದಾಗ ಮಸಿಯೊಂದಿಗೆ ಹೊರಬರುತ್ತಿತ್ತು. ನೀರು ಕುದಿಯುವಷ್ಟು ಬಿಸಿಯಿದ್ದರೆ ಇನ್ನೊಂದು ಲಾಭ: ಕಾದ ಕಬ್ಬಿಣ ತನ್ನ ತೇವವನ್ನು ತಾನೇ ಆರಿಸಿಕೊಳ್ಳುತ್ತದೆ. ಆಮೇಲೆ ಒಣಬಟ್ಟೆ, ಕೊನೆಗೆ ತೆಳುವಾಗಿ ಎಣ್ಣೆ ಅಥವಾ ಕೊಬ್ಬು.

ಸೈನಿಕನ ಬಳಿ ಇದಕ್ಕೆ ಬೇಕಾದ ಪುಟ್ಟ ಸಲಕರಣೆಗಳು ಇರುತ್ತಿದ್ದವು. ಗಜದ ತುದಿಗೆ ತಿರುಪಿ ಕೂರಿಸುವ ಎರಡು ಕೊಂಡಿಯ ಸುರುಳಿ, ಅದಕ್ಕೆ ಸಿಕ್ಕಿಸಲು ಸೆಣಬಿನ ನಾರು, ಕಿಡಿ ಒಳಹೋಗುವ ಕಿಂಡಿಯನ್ನು ಚುಚ್ಚಿ ಬಿಡಿಸಲು ತಂತಿಯ ಮುಳ್ಳು, ಮಸಿ ಉದುರಿಸಲು ಚಿಕ್ಕ ಕುಂಚ. ಬ್ರಿಟಿಷ್ ಸಿಪಾಯಿ ಮುಳ್ಳನ್ನೂ ಕುಂಚವನ್ನೂ ಸರಪಳಿಯಲ್ಲಿ ಕಟ್ಟಿ ಎದೆಯ ಪಟ್ಟಿಗೆ ತೂಗುಹಾಕಿಕೊಳ್ಳುತ್ತಿದ್ದ. 1800ರ ಸುಮಾರಿಗೆ ಬಂದ ಬೇಕರ್ ರೈಫಲ್ಲಿಗೆ ಬಟ್ಟಿನಲ್ಲೇ ಪೆಟ್ಟಿಗೆ ಕೊರೆದು ಹಿತ್ತಾಳೆಯ ಮುಚ್ಚಳ ಹಾಕಿದ್ದರು. ಸಾಧನ ಕೋವಿಯ ಮೈಯಲ್ಲೇ ಇರಬೇಕೆಂಬ ಯೋಚನೆ ಅಲ್ಲಿಂದ ಲೀ-ಎನ್‌ಫೀಲ್ಡ್‌ವರೆಗೂ ನಡೆದು ಬಂತು.

ಗಜದ ಕಥೆ ಇನ್ನಷ್ಟು ಸ್ವಾರಸ್ಯಕರ. ಒರೆಸಲು ಮಾತ್ರವಲ್ಲ, ಈಡು ತುಂಬಲೂ ಬಳಸುತ್ತಿದ್ದ ಅದು ಮೊದಲು ಮರದ್ದಾಗಿತ್ತು. ಅವಸರದಲ್ಲಿ ಮುರಿಯುತ್ತಿತ್ತು, ಮಳೆಗಾಲದಲ್ಲಿ ಉಬ್ಬುತ್ತಿತ್ತು. ಹದಿನೆಂಟನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ರಷ್ಯದ ಸೇನಾಧಿಪತಿ, ಅನ್ಹಾಲ್ಟ್-ಡೆಸ್ಸಾವ್‌ನ ಲಿಯೊಪೋಲ್ಡ್, ತನ್ನ ಕಾಲಾಳುಗಳಿಗೆ ಕಬ್ಬಿಣದ ಗಜ ಕೊಡಿಸಿದ. ಈಡು ತುಂಬುವ ವೇಗ ಹೆಚ್ಚಿತು. ಯುರೋಪಿನ ಉಳಿದ ಸೇನೆಗಳೂ ಅದೇ ದಾರಿ ಹಿಡಿದವು. ಆದರೆ ಮರದ ಗಜ ಮಾಡದ ಒಂದು ಕೆಲಸವನ್ನು ಕಬ್ಬಿಣದ ಗಜ ಮಾಡತೊಡಗಿತು: ದಿನಕ್ಕೆ ಹತ್ತಾರು ಬಾರಿ ನಳಿಗೆಯ ಬಾಯಿಯನ್ನು ಉಜ್ಜಿ ಅದರ ದುಂಡುತನ ಕೆಡಿಸತೊಡಗಿತು.

ನಳಿಗೆಯ ಬಾಯಿ ಅಷ್ಟು ಮುಖ್ಯವೇ? ಗುಂಡು ಕೋವಿಯನ್ನು ಕೊನೆಯದಾಗಿ ಮುಟ್ಟುವುದು ಅಲ್ಲಿಯೇ. ಬಾಯಿಯ ಅಂಚು ಒಂದು ಕಡೆ ತುಸು ಸವೆದಿದ್ದರೂ ಗುಂಡು ಹೊರಬೀಳುವ ಕ್ಷಣದಲ್ಲಿ ಅನಿಲ ಆ ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓರೆಯಾಗಿಸುತ್ತದೆ. ನಳಿಗೆಯ ಉಳಿದ ಭಾಗ ಹೊಸದರಂತೆ ಹೊಳೆಯುತ್ತಿದ್ದರೂ ಗುರಿ ತಪ್ಪುತ್ತದೆ.

ಹೊರಮೈಯನ್ನು ಹೊಳಪಾಗಿಡುವ ಚಪಲವೂ ಹಾನಿ ಮಾಡಿತು. ‘ಬ್ರೌನ್ ಬೆಸ್’ ಎಂದು ಹೆಸರಾದ ಬ್ರಿಟಿಷ್ ಮಸ್ಕೆಟ್ಟಿನ ನಳಿಗೆ ಬೆಳ್ಳಿಯಂತೆ ಮಿಂಚಬೇಕೆಂದು ಅಧಿಕಾರಿಗಳು ಬಯಸುತ್ತಿದ್ದರು. ಸಿಪಾಯಿಗಳು ಇಟ್ಟಿಗೆಪುಡಿ ಹಾಕಿ ಉಜ್ಜುತ್ತಿದ್ದರು. ಇಟ್ಟಿಗೆಪುಡಿ ತುಕ್ಕಿನೊಂದಿಗೆ ಲೋಹವನ್ನೂ ತೆಗೆಯುತ್ತದೆ. ವರ್ಷಗಟ್ಟಲೆ ಪರೇಡಿಗೆಂದು ತಿಕ್ಕಿಸಿಕೊಂಡ ನಳಿಗೆಗಳು ತೆಳುವಾದವು. ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬ್ರಿಟಿಷ್ ಸೇನೆ ನಳಿಗೆಗಳಿಗೆ ಕಂದು ಲೇಪ ಕೊಡುವ ಪದ್ಧತಿಗೆ ಬಂದಾಗ ಈ ತಿಕ್ಕಾಟಕ್ಕೆ ಕಡಿವಾಣ ಬಿತ್ತು.

ಭಾರತದ ಇತಿಹಾಸದ ಒಂದು ದೊಡ್ಡ ತಿರುವಿಗೂ ನಳಿಗೆಯ ಮಸಿಗೂ ನೇರ ನಂಟಿದೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ನಳಿಗೆ .577 ಅಂಗುಲ ವ್ಯಾಸದ್ದು. ಗುಂಡನ್ನು ಅದಕ್ಕಿಂತ ತುಸು ಸಣ್ಣದಾಗಿ ಮಾಡುತ್ತಿದ್ದರು. ನಾಲ್ಕಾರು ಈಡು ಹೊಡೆಯುವಷ್ಟರಲ್ಲಿ ಮಸಿ ಗಟ್ಟಿಯಾಗಿ ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳಲ್ಲಿ ಕೂತು ಮುಂದಿನ ಗುಂಡನ್ನು ಇಳಿಸುವುದೇ ಕಷ್ಟವಾಗುತ್ತಿತ್ತು. ಅದನ್ನು ಮೆದುವಾಗಿಡಲು ತೋಟೆಯ ಕಾಗದಕ್ಕೆ ಜಿಡ್ಡು ಸವರಿದರು. ಆ ಜಿಡ್ಡು ಹಸುವಿನದೋ ಹಂದಿಯದೋ ಎಂಬ ಸುದ್ದಿ 1857ರ ಜನವರಿಯಲ್ಲಿ ಡಮ್‌ಡಮ್‌ನಿಂದ ಹಬ್ಬಿತು. ಮೇ ತಿಂಗಳಲ್ಲಿ ಮೀರತ್ ಹೊತ್ತಿಕೊಂಡಿತು. ಬಂಡಾಯಕ್ಕೆ ರಾಜ್ಯಗಳ ಕಬಳಿಕೆ, ಸಂಬಳ, ಧರ್ಮದ ಆತಂಕ ಹೀಗೆ ಹಲವು ಕಾರಣಗಳಿದ್ದವು. ಆದರೆ ಕಿಡಿ ಹಚ್ಚಿದ ಆ ಜಿಡ್ಡು ತೋಟೆಗೆ ಬಂದದ್ದು ಮಸಿಯನ್ನು ಎದುರಿಸಲೆಂದೇ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ಐದು ವರ್ಷಗಳ ನಂತರ ಬ್ರಿಟನ್ನಿನಲ್ಲಿ ಫ್ರೆಡರಿಕ್ ಏಬಲ್ ಮತ್ತು ಜೇಮ್ಸ್ ಡ್ಯೂವರ್ ಕಾರ್ಡೈಟ್ ಕಂಡುಹಿಡಿದರು. ದಟ್ಟ ಹೊಗೆ ಹೋಯಿತು, ಮಸಿ ಬಹುಪಾಲು ಮಾಯವಾಯಿತು. ಇನ್ನು ಕೋವಿ ತೊಳೆಯುವ ಕಾಟವಿಲ್ಲ ಎಂದು ಜನ ಸಂತೋಷಪಟ್ಟರು. ಆ ಸಂತೋಷ ಬಹಳ ಕಾಲ ಉಳಿಯಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಮೆಟ್‌ಫೋರ್ಡ್ ಗೀರುಗಳ ಮೇಲೆ. ವಿಲಿಯಂ ಮೆಟ್‌ಫೋರ್ಡ್ ಎಂಬ ಎಂಜಿನಿಯರ್ ಮಸಿ ಕೂರದಂತೆ, ಒರೆಸಲು ಸುಲಭವಾಗುವಂತೆ ಆಳವಿಲ್ಲದ, ಅಂಚು ದುಂಡಾದ ಏಳು ಗೀರುಗಳ ನಳಿಗೆಯನ್ನು ರೂಪಿಸಿದ್ದ. ಕರಿಮದ್ದಿಗೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ಕಾರ್ಡೈಟಿನ ಉರಿ ತೀರಾ ಹೆಚ್ಚು. ಆ ಉರಿಗೆ ನುಣುಪಾದ ಗೀರುಗಳು ಬೇಗ ತೇದುಹೋದವು. 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯ ಆಳವಾದ, ಚೌಕ ಅಂಚಿನ ಐದು ಗೀರುಗಳು ಬಂದವು. ಲೀ-ಮೆಟ್‌ಫೋರ್ಡ್ ಹೋಗಿ ಲೀ-ಎನ್‌ಫೀಲ್ಡ್ ಹುಟ್ಟಿದ್ದು ಹೀಗೆ. ಕಾರ್ಡೈಟಿಗೆ ನೂರಕ್ಕೆ ಐದು ಪಾಲು ವ್ಯಾಸಲೀನಿನಂಥ ಖನಿಜ ಜಿಡ್ಡನ್ನು ಸೇರಿಸಿದ್ದರು. ಅದು ನಳಿಗೆಗೆ ಎಣ್ಣೆ ಹಚ್ಚಿದಂತಾಗಲಿ ಎಂಬುದು ಮೊದಲ ಉದ್ದೇಶ. ಮದ್ದು ಕೆಡದೆ ಬಹುಕಾಲ ಉಳಿಯಲು ಅದೇ ನೆರವಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಎರಡನೆಯ ಪೆಟ್ಟು ಇನ್ನೂ ವಿಚಿತ್ರ. ಒರೆಸಿ, ಎಣ್ಣೆ ಹಚ್ಚಿ, ಒಣಗಿದ ಕಪಾಟಿನಲ್ಲಿಟ್ಟ ರೈಫಲ್ಲುಗಳ ಒಳಗೂ ಕೆಲವೇ ದಿನಗಳಲ್ಲಿ ತುಕ್ಕು! ಎಣ್ಣೆಯ ಪೊರೆಯ ಕೆಳಗೇ ಉಕ್ಕಿಗೆ ಗುಂಡಿ ಬೀಳುತ್ತಿತ್ತು. ಹೊಸ ಮದ್ದಿನ ಆಮ್ಲವೇ ಕಾರಣವೆಂದು ಕೆಲವರು, ಉಕ್ಕಿನ ರಂಧ್ರಗಳೊಳಗೆ ಅನಿಲ ಸೇರಿಕೊಂಡು ಆಮೇಲೆ ಬೆವರುತ್ತದೆಂದು ಇನ್ನು ಕೆಲವರು ವಾದಿಸಿದರು. ಮೊದಲ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲಿ ಅಮೆರಿಕದ ಗಣಿ ಬ್ಯೂರೋದ ವಿಲ್ಬರ್ಟ್ ಹಫ್ ನಡೆಸಿದ ಸಂಶೋಧನೆ ನಿಜವಾದ ಅಪರಾಧಿಯನ್ನು ಹಿಡಿಯಿತು. ಅಪರಾಧಿ ಮದ್ದಾಗಿರಲಿಲ್ಲ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು. ತೋಟೆಯ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ, ಅಂದರೆ ಅಡುಗೆ ಉಪ್ಪಿನ ದಾಯಾದಿ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಹಚ್ಚಿದವರು ಉಪ್ಪನ್ನು ತೆಗೆಯುವ ಬದಲು ಅದನ್ನು ಒಳಗೆ ಮುಚ್ಚಿಡುತ್ತಿದ್ದರು.

ಕರಿಮದ್ದಿನ ಕಾಲದಲ್ಲೂ ಈ ಉಪ್ಪು ಇತ್ತಲ್ಲ, ಆಗ ಯಾಕೆ ಗೊತ್ತಾಗಲಿಲ್ಲ? ಆಗ ರಾಶಿ ಮಸಿಯ ನಡುವೆ ಅದು ಕಳೆದುಹೋಗುತ್ತಿತ್ತು. ಮಸಿ ತೊಳೆಯಲು ಸುರಿದ ಬಿಸಿನೀರು ಅದನ್ನೂ ಕೊಚ್ಚಿಕೊಂಡು ಹೋಗುತ್ತಿತ್ತು. ಮಸಿ ಇಲ್ಲವೆಂದು ನೀರನ್ನು ಕೈಬಿಟ್ಟ ದಿನವೇ ತುಕ್ಕು ಗೆದ್ದಿತು. ಬ್ರಿಟಿಷ್ ಸೇನೆ ಮಾತ್ರ ಈ ವಿಷಯದಲ್ಲಿ ಹಳೆಯ ಬುದ್ಧಿಯನ್ನು ಬಿಡಲಿಲ್ಲ. ನಳಿಗೆಯ ಬುಡಕ್ಕೆ ಕೂರುವ ತಗಡಿನ ಆಲಿಕೆಯೊಂದನ್ನು ಮಾಡಿಸಿ, ಅದರ ಮೂಲಕ ಕುದಿಯುವ ನೀರು ಸುರಿಯುವ ಕ್ರಮವನ್ನು .303 ಅಂಗುಲದ ಲೀ-ಎನ್‌ಫೀಲ್ಡ್ ಕಾಲದಲ್ಲೂ ಉಳಿಸಿಕೊಂಡಿತು. 1920ರ ದಶಕದ ಕೊನೆಗೆ ಜರ್ಮನಿಯ ‘ಸಿನಾಕ್ಸಿಡ್’ನಂಥ ಕ್ಲೋರೇಟ್ ಇಲ್ಲದ ಕೇಪುಗಳು ಮಾರುಕಟ್ಟೆಗೆ ಬಂದ ಮೇಲೆ ನಾಗರಿಕರ ಕೋವಿಗಳಿಗೆ ಈ ಶಾಪ ತಪ್ಪತೊಡಗಿತು. ಸೇನೆಗಳ ಗೋದಾಮುಗಳಲ್ಲಿ ಹಳೆಯ ಕೇಪಿನ ತೋಟೆಗಳು ಇನ್ನೂ ಹಲವು ದಶಕ ಉಳಿದವು.

ದ್ರಾವಕ ಮತ್ತು ಎಣ್ಣೆಗಳ ವ್ಯಾಪಾರ ಬೆಳೆದದ್ದು ಈ ಗೊಂದಲದ ನಡುವೆಯೇ. 1903ರಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ ಹಾಪ್ ‘ಹಾಪ್ಸ್ ನಂಬರ್ 9’ ಎಂಬ ದ್ರಾವಕವನ್ನು ತಯಾರಿಸಿದ. ಅದರ ಬಾಳೆಹಣ್ಣಿನಂಥ ವಾಸನೆಯನ್ನು ಅಮೆರಿಕದ ಬೇಟೆಗಾರರು ಇಂದಿಗೂ ಗುರುತಿಸುತ್ತಾರೆ. ಮರುವರ್ಷ ಜರ್ಮನಿಯ ಕ್ಲೆವರ್ ಕುಟುಂಬದ ‘ಬಾಲಿಸ್ಟಾಲ್’ ಬಂತು. ಲೋಹ, ಮರ, ಚರ್ಮ ಮೂರಕ್ಕೂ ಒಂದೇ ಎಣ್ಣೆ ಬೇಕೆಂದು ಜರ್ಮನ್ ಸೇನೆ ಬಯಸಿತ್ತು. ತುಸು ಕ್ಷಾರಗುಣದ ಈ ಎಣ್ಣೆ ನೀರಿನೊಂದಿಗೆ ಹಾಲಿನಂತೆ ಬೆರೆಯುತ್ತದೆ. ನೀರೂ ಎಣ್ಣೆಯೂ ಒಟ್ಟಿಗೆ ಬೇಕಾದ ಕಾಲದಲ್ಲಿ ಅದು ದೊಡ್ಡ ಗುಣವಾಗಿತ್ತು.

ಬ್ರಿಟಿಷರ ನೆಚ್ಚಿನ ಎಣ್ಣೆ ಬಂದದ್ದು ನಮ್ಮ ನೆರೆಯಿಂದ. ಬರ್ಮಾದ ಐರಾವತಿ ದಂಡೆಯ ಯೆನಾಂಜಾಂಗ್‌ನಲ್ಲಿ ಜನ ಕೈಯಲ್ಲೇ ಬಾವಿ ತೋಡಿ ನೆಲದೆಣ್ಣೆ ತೆಗೆಯುತ್ತಿದ್ದರು. ಅದನ್ನು ಶುದ್ಧಿ ಮಾಡಿದ ‘ರಂಗೂನ್ ಆಯಿಲ್’ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೇನೆಯ ಕೋವಿಗಳಿಗೂ ಶಿಕಾರಿಯವರ ಜೋಡುನಳಿಗೆಗಳಿಗೂ ಮೆಚ್ಚಿನದಾಯಿತು. ಸಸ್ಯದ ಎಣ್ಣೆಗಳೂ ಪ್ರಾಣಿಗಳ ಕೊಬ್ಬೂ ಕಾಲಕ್ರಮದಲ್ಲಿ ಹುಳಿಯಾಗಿ, ಅಂಟಾಗಿ, ಲೋಹವನ್ನೇ ಕೆಡಿಸುತ್ತವೆ. ಖನಿಜ ಎಣ್ಣೆಗೆ ಆ ದೋಷವಿಲ್ಲ. ಲೀ-ಎನ್‌ಫೀಲ್ಡಿನ ಬಟ್ಟಿನಲ್ಲಿದ್ದ ಬಾಟಲಿಯೊಳಗೆ ಇದ್ದದ್ದು ಈ ಜಾತಿಯ ಎಣ್ಣೆ.

ಇನ್ನು ಅದೇ ಪೊಳ್ಳಿನಲ್ಲಿದ್ದ ಹುರಿ, ಸಿಪಾಯಿಗಳ ಬಾಯಲ್ಲಿ ‘ಪುಲ್‌ಥ್ರೂ’. 1899ರಲ್ಲಿ ಲೀ-ಎನ್‌ಫೀಲ್ಡಿನ ನಳಿಗೆಯ ಕೆಳಗಿದ್ದ ಲೋಹದ ಗಜವನ್ನೇ ತೆಗೆದುಹಾಕಿ ಸೇನೆ ಈ ಹುರಿಯನ್ನು ನೆಚ್ಚಿಕೊಂಡಿತು. ಅದಕ್ಕೆ ಮೂರು ಕುಣಿಕೆ. ಒಂದಕ್ಕೆ ತಂತಿಬಲೆಯ ತುಂಡು, ಇನ್ನೊಂದಕ್ಕೆ ನಾಲ್ಕು ಅಂಗುಲ ಉದ್ದ ಎರಡು ಅಂಗುಲ ಅಗಲದ ಫ್ಲಾನಲ್ ಬಟ್ಟೆ. ಕೊನೆಯದು, ಬಟ್ಟೆ ನಡುವೆ ಸಿಕ್ಕಿಕೊಂಡರೆ ಹಿಂದಕ್ಕೆ ಎಳೆದು ತೆಗೆಯಲು. ತೂಕವನ್ನು ನಳಿಗೆಯ ಬುಡದಿಂದ ಇಳಿಬಿಟ್ಟು ಬಾಯಿಯಿಂದ ಎಳೆದರೆ ಕೊಳೆ ಹೊರಗೆ ಬರುತ್ತದೆ, ಯಂತ್ರಭಾಗದೊಳಗೆ ಬೀಳುವುದಿಲ್ಲ.

ಹುರಿ ಮೆತ್ತಗಿದೆ, ಉಕ್ಕಿಗೆ ಏನು ಮಾಡೀತು ಎಂದುಕೊಂಡವರಿಗೆ ಆಶ್ಚರ್ಯ ಕಾದಿತ್ತು. ಹುರಿಯನ್ನು ನೇರವಾಗಿ ಎಳೆಯದೆ ಓರೆಯಾಗಿ ಎಳೆದಾಗ ಅದು ಪ್ರತಿ ಬಾರಿಯೂ ನಳಿಗೆಯ ಬಾಯಿಯ ಒಂದೇ ಬದಿಗೆ ತಾಗುತ್ತದೆ. ನೆಲಕ್ಕೆ ಬಿದ್ದ ಹುರಿಗೆ ಅಂಟಿದ ಮರಳು ಅಲ್ಲಿ ಅರದಂತೆ ಕೆಲಸ ಮಾಡುತ್ತದೆ. ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಗೆರೆ ಕೊರೆದಂತೆ ಎಷ್ಟೋ ರೈಫಲ್ಲುಗಳ ಬಾಯಿಯಲ್ಲಿ ಹುರಿ ಕಾಲುವೆ ತೋಡಿತು. ಶಸ್ತ್ರಪರೀಕ್ಷಕರು ಇದನ್ನು ಒಂದು ಪ್ರತ್ಯೇಕ ದೋಷವೆಂದೇ ಗುರುತಿಸತೊಡಗಿದರು. ತಂತಿಬಲೆಯ ವಿಷಯದಲ್ಲೂ ಸೇನೆ ಎಚ್ಚರ ತಳೆಯಿತು: ಮೇಲಿನವರ ಅಪ್ಪಣೆಯಿಲ್ಲದೆ ಸಿಪಾಯಿ ಅದನ್ನು ಬಳಸುವಂತಿರಲಿಲ್ಲ.

ಜರ್ಮನರು ಬೇರೆ ಉತ್ತರ ಹುಡುಕಿದರು. ಅವರ 1934ರ ಮಾದರಿಯ ಸಲಕರಣೆ ಅಂಗೈಯಗಲದ ತಗಡಿನ ಡಬ್ಬಿಯಲ್ಲಿ ಹಿಡಿಯುತ್ತಿತ್ತು. ಅದರಲ್ಲಿ ಹುರಿಯ ಬದಲು ಅಲ್ಯೂಮಿನಿಯಮ್ಮಿನ ಸರಪಳಿ, ಎರಡು ಕುಂಚ, ಎಣ್ಣೆಡಬ್ಬಿ, ನಾರಿನ ಎಳೆಗಳು. ಸರಪಳಿ ಹುರಿಯಂತೆ ಮರಳನ್ನು ಹೀರಿಕೊಳ್ಳುವುದಿಲ್ಲ, ಒರೆಸಿದರೆ ಶುಚಿಯಾಗುತ್ತದೆ. ಅಮೆರಿಕದ ಗರಾಂಡ್ ರೈಫಲ್ಲಿಗೆ ಮತ್ತೊಂದು ತೊಡಕು. ಅದರ ಬುಡದಿಂದ ಗಜ ತೂರಿಸಲು ದಾರಿಯೇ ಇರಲಿಲ್ಲ, ಬಾಯಿಯಿಂದಲೇ ತಳ್ಳಬೇಕಿತ್ತು. ಹಳೆಯ ಗರಾಂಡ್ ಕೊಳ್ಳುವವರು ಇಂದಿಗೂ ಮೊದಲು ಮಾಪಕ ಇಳಿಸಿ ಬಾಯಿಯ ಸವೆತವನ್ನು ನೋಡುತ್ತಾರೆ. ಆ ಸವೆತದಲ್ಲಿ ಗಜದ ಪಾಲು ದೊಡ್ಡದು.

ಸಾಧನವನ್ನು ಕೊಡದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ವಿಯೆಟ್ನಾಂ ಸಾಕ್ಷಿ. 1960ರ ದಶಕದ ನಡುವಿನಲ್ಲಿ ಎಂ-16 ರೈಫಲ್ ಅಮೆರಿಕದ ಸೈನಿಕರ ಕೈಗೆ ಬಂದಾಗ, ಅದಕ್ಕೆ ಹೆಚ್ಚು ಒರೆಸುವ ಅಗತ್ಯವಿಲ್ಲ ಎಂಬ ಮಾತು ಹರಡಿತ್ತು. ಗಜ, ಕುಂಚಗಳು ಸಾಕಷ್ಟು ಸಂಖ್ಯೆಯಲ್ಲಿ ಹೋಗಲಿಲ್ಲ. ಜೊತೆಗೆ ತೋಟೆಯ ಮದ್ದನ್ನು ಹೆಚ್ಚು ಮಸಿ ಬಿಡುವ ಬೇರೆ ಜಾತಿಗೆ ಬದಲಿಸಿದ್ದರು. ತೋಟೆ ಕೂರುವ ಕೋಣೆಗೆ ಕ್ರೋಮ್ ಲೇಪವಿರಲಿಲ್ಲ. ತೇವಕ್ಕೆ ಕೋಣೆ ತುಕ್ಕು ಹಿಡಿದು, ಸುಟ್ಟ ತೋಟೆ ಒಳಗೇ ಕಚ್ಚಿಕೊಂಡು, ಕದನದ ನಡುವೆಯೇ ರೈಫಲ್ಲುಗಳು ನಿಂತವು. ಮನೆಗೆ ಪತ್ರ ಬರೆದು ಶುಚಿ ಮಾಡುವ ಸಾಮಾನು ಕಳಿಸಿ ಎಂದು ಕೇಳಿದ ಸೈನಿಕರಿದ್ದರು. 1967ರಲ್ಲಿ ಅಮೆರಿಕದ ಸಂಸತ್ತಿನ ಐಕಾರ್ಡ್ ಉಪಸಮಿತಿ ವಿಚಾರಣೆ ನಡೆಸಿ ಸೇನೆಯ ನಿರ್ಧಾರಗಳನ್ನು ಕಟುವಾಗಿ ಟೀಕಿಸಿತು. ಆಮೇಲೆ ಕೋಣೆಗೆ ಕ್ರೋಮ್ ಬಂತು, ಸಲಕರಣೆ ಬಂತು. ಹೆಸರಾಂತ ಚಿತ್ರಕಾರ ವಿಲ್ ಐಸ್ನರ್ 1968ರಲ್ಲಿ ಸೈನಿಕರಿಗಾಗಿ ರಚಿಸಿದ ಚಿತ್ರಕೈಪಿಡಿಯೂ ಬಂತು. ಸೋವಿಯತ್ ಎಕೆ-47 ಈ ಪಾಠವನ್ನು ಮೊದಲೇ ಕಲಿತಿತ್ತು: ಒಳಗೆ ಕ್ರೋಮ್ ಲೇಪ, ನಳಿಗೆಯ ಕೆಳಗೆ ಗಜ, ಬಟ್ಟಿನೊಳಗೆ ಸಲಕರಣೆಯ ಡಬ್ಬಿ.

ಭಾರತದಲ್ಲಿ ಲೀ-ಎನ್‌ಫೀಲ್ಡಿನ ವಂಶ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಕೋಲ್ಕತ್ತದ ಬಳಿಯ ಈಶಾಪುರದ ಕಾರ್ಖಾನೆ .303 ಮಾಡಿತು, 1960ರ ದಶಕದಲ್ಲಿ ಅದೇ ಮಾದರಿಯನ್ನು 7.62 ಮಿ.ಮೀ. ತೋಟೆಗೆ ಹೊಂದಿಸಿತು. ರೈಫಲ್ಲಿನ ಜೊತೆ ಪುಲ್‌ಥ್ರೂ ಕೂಡ ಉಳಿಯಿತು. ಬ್ಯಾರಕ್ಕುಗಳಲ್ಲಿ ಫ್ಲಾನಲ್ ತುಂಡು ‘ಚಿಂದಿ’ಯಾಯಿತು. ಎನ್‌ಸಿಸಿ ಶಿಬಿರಕ್ಕೆ ಹೋದ ಕಾಲೇಜು ಹುಡುಗ ಹುಡುಗಿಯರೂ ಕಲಿಯುವ ಪಾಠವಿದು: ಒರೆಸಲು ನಾಲ್ಕು-ಎರಡರ ಚಿಂದಿ, ಎಣ್ಣೆ ಹಚ್ಚಲು ಅದಕ್ಕಿಂತ ಚಿಕ್ಕದು. ಎಣ್ಣೆ ಹಚ್ಚುವ ಚಿಂದಿ ದಪ್ಪವಾದರೆ ನಳಿಗೆಯಲ್ಲಿ ಎಣ್ಣೆ ಉಳಿಯದೆ ಹಿಂಡಿಹೋಗುತ್ತದೆ.

ಕರ್ನಾಟಕದಲ್ಲಿ ಕೋವಿಯ ಆರೈಕೆ ಮನೆಮನೆಯ ಆಚಾರವಾಗಿರುವ ನಾಡು ಕೊಡಗು. 1861ರಲ್ಲಿ ಬ್ರಿಟಿಷ್ ಆಡಳಿತ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಕೊಡವರಿಗೆ ವಿನಾಯಿತಿ ಕೊಟ್ಟಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಈಗಲೂ ನಡೆಯುತ್ತಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕಕ್ಕಡ ಮಾಸದ ಜಡಿಮಳೆಯಲ್ಲಿ ನಾಟಿ ಮುಗಿಸಿ, ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ದಿನ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಕೋವಿ ಕತ್ತಿಗಳನ್ನೆಲ್ಲ ಒರೆಸಿ ಪೂಜೆಗಿಡುತ್ತಾರೆ. ನಳಿಗೆಯ ಬಾಯಿಗೆ ತೋಕ್ ಪೂವು, ಅಂದರೆ ಅಗ್ನಿಶಿಖೆಯ ಹೂವು ಸಿಕ್ಕಿಸುತ್ತಾರೆ. ಪೂಜೆಯ ನಂತರ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ.

ಈ ಹಬ್ಬದ ಕಾಲವನ್ನು ಶುಚಿಯ ದೃಷ್ಟಿಯಿಂದ ನೋಡಿದರೆ ಅದರ ವಿವೇಕ ಕಾಣುತ್ತದೆ. ಮಳೆಗಾಲದ ತಿಂಗಳುಗಟ್ಟಲೆ ತೇವ ಕುಡಿದ ಕಬ್ಬಿಣಕ್ಕೆ ವರ್ಷದಲ್ಲಿ ಅತ್ಯಂತ ಅಗತ್ಯವಾದ ಪರೀಕ್ಷೆ ಆ ಹೊತ್ತಿನಲ್ಲೇ ಆಗಬೇಕು. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು, ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಎಂಬ ಪದ್ಧತಿಯಿರುವಲ್ಲಿ ಕೋವಿ ಹೆಚ್ಚು ಸಿಡಿಯುವುದಿಲ್ಲ. ಆದರೆ ಸಿಡಿದ ಒಂದೇ ಈಡೂ ಮಸಿ ಬಿಡುತ್ತದೆ. ಗುಂಡಿಲ್ಲದೆ ಬರೀ ಮದ್ದು ತುಂಬಿ ಹೊಡೆದರೂ ಅಷ್ಟೇ. ಸಾವಿನ ಮನೆಯ ಗಡಿಬಿಡಿಯಲ್ಲಿ ಒರೆಸದೆ ಮರೆತ ಕೋವಿ ಮುಂದಿನ ಕೈಲ್ ಮುಹೂರ್ತದಲ್ಲಿ ತುಕ್ಕು ತೋರಿಸುತ್ತದೆ.

ಇವತ್ತು ಕೊಡಗಿನ ಬೆಳೆಗಾರರಾಗಲಿ ಶೂಟಿಂಗ್ ಕ್ಲಬ್ಬಿನ ಸ್ಪರ್ಧಿಯಾಗಲಿ ಸಲಕರಣೆ ಕೊಳ್ಳುವಾಗ ಈ ಇತಿಹಾಸವೆಲ್ಲ ಅಂಗಡಿಯ ಮೇಜಿನ ಮೇಲೆ ಹರಡಿರುತ್ತದೆ. ಮೂರು ತುಂಡು ಜೋಡಿಸುವ ಅಗ್ಗದ ಅಲ್ಯೂಮಿನಿಯಂ ಗಜದ ಕೀಲುಗಳು ಎದ್ದು ನಿಂತು ಗೀರುಗಳನ್ನು ಉಜ್ಜುತ್ತವೆ; ಅದರ ಮೆದು ಲೋಹದಲ್ಲಿ ಮರಳಿನ ಕಣ ಹುದುಗಿ ಕೂತರೆ ಗಜವೇ ಅರವಾಗುತ್ತದೆ. ಆದ್ದರಿಂದ ರೈಫಲ್ ಸ್ಪರ್ಧಿಗಳು ಪ್ಲಾಸ್ಟಿಕ್ ಲೇಪದ ಅಥವಾ ನಯಗೊಳಿಸಿದ ಉಕ್ಕಿನ ಒಂದೇ ತುಂಡಿನ ಗಜವನ್ನು ಕೊಳ್ಳುತ್ತಾರೆ, ಪ್ರತಿ ಸಾರಿ ತೂರಿಸಿದಾಗಲೂ ಅದನ್ನು ಒರೆಸುತ್ತಾರೆ. ಬುಡದಲ್ಲಿ ಗಜ ಅಲುಗಾಡದಂತೆ ಹಿಡಿಯಲು ಕೊಳವೆಯಾಕಾರದ ಮಾರ್ಗದರ್ಶಿಯನ್ನು ಕೂರಿಸುತ್ತಾರೆ. ಗಜದ ಹಿಡಿ ಸರಾಗವಾಗಿ ತಿರುಗುವಂತಿರಬೇಕು. ಆಗ ಮಾತ್ರ ಕುಂಚ ಗೀರುಗಳ ಸುರುಳಿಯನ್ನು ಅನುಸರಿಸುತ್ತದೆ.

ಕುಂಚದ ಆಯ್ಕೆ ದ್ರಾವಕದ ಜೊತೆ ಸೇರಿಕೊಂಡಿದೆ. ಕಂಚಿನ ತಂತಿಯ ಕುಂಚ ಉಕ್ಕಿಗಿಂತ ಮೆದು, ಮಸಿಗಿಂತ ಗಟ್ಟಿ. ಬಹುಪಾಲು ಕೆಲಸಕ್ಕೆ ಅದೇ ಸಾಕು. ಗುಂಡಿನ ಹೊದಿಕೆಯಿಂದ ಅಂಟಿದ ತಾಮ್ರವನ್ನು ಕರಗಿಸಲು ಅಮೋನಿಯಾ ಬೆರೆತ ದ್ರಾವಕ ಬಳಸಿದರೆ ಅದು ಕಂಚಿನ ಕುಂಚವನ್ನೂ ತಿನ್ನುತ್ತದೆ, ಬಟ್ಟೆಗೆ ನೀಲಿ ಬಣ್ಣ ಬಿಟ್ಟು ನಳಿಗೆಯಲ್ಲಿ ಇನ್ನೂ ತಾಮ್ರವಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಅಲ್ಲಿ ನೈಲಾನ್ ಕುಂಚವೇ ಸರಿ. ಜೋಡುನಳಿಗೆಗೆ ಗೀರುಗಳಿಲ್ಲ, ಮರದ ಗಜ, ಕಂಚಿನ ಕುಂಚ, ಉಣ್ಣೆಯ ಮೊಗ್ಗು ಇದ್ದರೆ ಸಾಕು. ಇವೆಲ್ಲಕ್ಕೂ ಮೊದಲಿನ ಕೆಲಸವೊಂದಿದೆ: ಕೋವಿಯಲ್ಲಿ ಈಡಿಲ್ಲವೆಂದು ಕಣ್ಣಿಟ್ಟು, ಬೆರಳಿಟ್ಟು ಖಾತ್ರಿ ಮಾಡಿಕೊಂಡು, ತೋಟೆಗಳನ್ನು ಬೇರೆ ಕೋಣೆಯಲ್ಲಿಡುವುದು.

ನಳಿಗೆಯನ್ನು ಬೆಳಕಿಗೆ ಹಿಡಿದು ಕಣ್ಣಂದಾಜಿನಲ್ಲಿ ನೋಡುತ್ತಿದ್ದ ಕಾಲವೂ ಬದಲಾಗುತ್ತಿದೆ. ಮೊಬೈಲಿಗೆ ಜೋಡಿಸುವ ತೆಳುವಾದ ಕ್ಯಾಮೆರಾಗಳನ್ನು ನಳಿಗೆಯೊಳಗೆ ಇಳಿಸಿ ಪ್ರತಿ ಗೀರನ್ನೂ ದೊಡ್ಡದಾಗಿ ನೋಡಬಹುದು. ಬುಡದ ಬಳಿ ಉರಿಗೆ ಬಿರಿದ ಉಕ್ಕು ಯಾವುದು, ಉಪ್ಪು ತಿಂದ ಗುಂಡಿ ಯಾವುದು, ಬಾಯಿಯಲ್ಲಿ ಹುರಿಯೋ ಗಜವೋ ಕೊರೆದ ಗೆರೆ ಯಾವುದು ಎಂದು ಹಳೆಯ ಕೋವಿಯ ಮಾಲೀಕರು ಈಗ ತಾವೇ ಬೇರ್ಪಡಿಸಿ ನೋಡಬಲ್ಲರು.